ನಗಾರಿಕೋಟೆಯ ಹೊಸ ಮುಖ

ನಗಾರಿಕೋಟೆ ಅಂತ ಒಂದು ರಾಜ್ಯ. ಅದಕ್ಕೊಬ್ಬ ರಾಜ. ರಾಜ್ಯ ಕಾಯುತ್ತಿದ್ದದ್ದು ಮಾತ್ರ ರಾಜನಲ್ಲ, ಒಂದು ಮರದ ಮುಖವಾಡ. ವರ್ಷಕ್ಕೊಮ್ಮೆ ಅದನ್ನು ಹೊತ್ತು ಊರು ಸುತ್ತಿದರೆ ರೋಗರುಜಿನ ಗಡಿ ದಾಟುತ್ತಿರಲಿಲ್ಲ. ಒಂದು ವರ್ಷ ನೋಡಿದರೆ, ಕಾಯುವವನನ್ನೇ ಗೆದ್ದಲು ತಿಂದಿತ್ತು.

ರಾಜ ಡಂಗುರ ಹೊಡೆಸಿದ. "ಹೊಸ ಮುಖ ಬೇಕು. ಹಿಂದೆ ಯಾರೂ ಕಂಡಿರಬಾರದು, ಕಂಡವರೆಲ್ಲ ನಮ್ಮದೇ ಅನ್ನಬೇಕು. ಗೆದ್ದವರಿಗೆ ಮುಖ ಕೆತ್ತುವ ಹಕ್ಕು. ಮಿಕ್ಕವರು ಉಳಿ ಕೆಳಗಿಡಬೇಕು."

ಬಡಗಿಯ ಮಗಳು ಈರಾಜಿಗಿದ್ದದ್ದು ಅಪ್ಪ ಬಿಟ್ಟುಹೋದ ಒಂದೇ ಉಳಿ. ಅದನ್ನೂ ಕೆಳಗಿಟ್ಟರೆ ಕೈಗೆ ಏನು ಹೇಳುವುದು?

ಮೊದಲು ಅವಳು ಕೆರೆ ಏರಿಯ ವೀರಗಲ್ಲಿನ ಬಳಿ ಹೋದಳು. ಮುನ್ನೂರು ವರ್ಷದ ಮಳೆ ವೀರನ ಕತ್ತಿಯನ್ನು ಸವೆಸಿತ್ತು, ಹುಬ್ಬನ್ನು ಬಿಟ್ಟಿತ್ತು. "ಅಜ್ಜಾ, ಹುಬ್ಬು ಕೊಡ್ತೀಯಾ?" ಕಲ್ಲು ಬೇಡ ಅನ್ನಲಿಲ್ಲ. ಆಮೇಲೆ ಗೆದ್ದಲು ತಿಂದ ಮುಖವಾಡದ ಬಳಿ. "ಹಲ್ಲು ಕೊಡ್ತೀಯಾ?" ಅದೂ ಬೇಡ ಅನ್ನಲಿಲ್ಲ. ಕೊನೆಗೆ, ಒಲೆ ಊದುತ್ತಿದ್ದ ಊರಿನ ಹಿರಿಯಜ್ಜಿ ಮುದ್ದಕ್ಕನ ಬಳಿ. "ಅಜ್ಜೀ, ಕೆನ್ನೆ ಕೊಡ್ತೀಯಾ?"

"ತಗೊಂಡ್ಹೋಗೇ, ಒಳಗೆ ಬರೀ ಗಾಳಿ!"

ಮೂರು ತಿಂಗಳು ಕೆತ್ತಿದಳು. ಮುಗಿದ ದಿನ ಹಲಗೆಯ ಮೇಲಿಟ್ಟು ಹಿಂದೆ ಸರಿದರೆ, ಕೈ ತಾನಾಗಿ ಮುಗಿಯಿತು. ಈಗಷ್ಟೇ ತಾನು ಉಜ್ಜಿ ನುಣುಪು ಮಾಡಿದ ಮೂಗು. ಈಗ ಮುಟ್ಟಲು ಭಯ.

ಎಲ್ಲ ಮುಖವಾಡಗಳೂ ಮೊದಲು ಮುಖವಾಡಾಧಿಕಾರಿ ಸಂಪಿಗೆರಾಯರ ಚಾವಡಿಗೆ ಹೋಗಬೇಕು. ರಾಯರು ಒಂದನ್ನೂ ಕೆತ್ತಿದವರಲ್ಲ. ಹಾಗಾಗಿ ಎಲ್ಲದರಲ್ಲೂ ತಪ್ಪು ಹುಡುಕಲು ಬಿಡುವಿತ್ತು. ಈರಾಜಿಯದರಲ್ಲಿ ಮಾತ್ರ ಒಂದೂ ಸಿಗಲಿಲ್ಲ. ಆದ್ದರಿಂದ ಅದು ತಮ್ಮದೇ ಎಂದು ತೀರ್ಮಾನಿಸಿದರು.

ಅರಮನೆಯ ಅಂಗಳದಲ್ಲಿ ಬಟ್ಟೆ ಸರಿಸಿದಾಗ ನಗಾರಿಯ ಕೋಲು ಗಾಳಿಯಲ್ಲೇ ನಿಂತಿತು. ಹಾಲು ಕುಡಿಯುವ ಕೂಸೂ ಅಳು ಮರೆಯಿತು. "ನಮ್ಮಪ್ಪನ ಹುಬ್ಬು!" ಎಂದ ಒಬ್ಬ. "ನಮ್ಮಜ್ಜಿ ಕಣೋ!" ಎಂದ ಇನ್ನೊಬ್ಬ. ರಾಜ ತನಗೇ ಗೊತ್ತಿಲ್ಲದೆ ಎದ್ದು ನಿಂತಿದ್ದ.

"ಯಾರು ಮಾಡಿದ್ದು?"

"ನಾನೇ ಪ್ರಭು, ಬಿಡುವಿನಲ್ಲಿ," ಎಂದರು ರಾಯರು.

"ಅದು ನಂದು!" ಎಂದಳು ಈರಾಜಿ.

"ಉಳಿ ಹಿಡಿದವರೆಲ್ಲ ಹೀಗೇ ಅಂತಾರೆ ಪ್ರಭು."

ಈರಾಜಿ ಉಳಿಯನ್ನು ಬಿಗಿಯಾಗಿ ಹಿಡಿದಳು. "ಮಾಡಿದವರೇ ಮೊದಲು ಹೊರೋದು ವಾಡಿಕೆ. ರಾಯರು ಹೊತ್ತು ಮೂರು ಹೆಜ್ಜೆ ಹಾಕಲಿ, ಬುದ್ಧೀ."

ರಾಯರು ಮುಖವಾಡವನ್ನು ಕೆಳಕ್ಕೆಳೆದು, ತಮ್ಮ ಕಣ್ಣನ್ನು ಅದರ ಕಣ್ಣಿಗೆ ಸರಿಯಾಗಿ ತಂದು ಕಟ್ಟಿಸಿಕೊಂಡರು. ನಡುಹಗಲಲ್ಲೇ ಕಗ್ಗತ್ತಲು.

"ಏನು ಕಾಣುತ್ತೆ ರಾಯರೇ?"

"ರಾಜ್ಯದ ಉಜ್ವಲ ಭವಿಷ್ಯ, ಪ್ರಭು!"

ಮೊದಲ ಹೆಜ್ಜೆಗೆ ನಗಾರಿ ಉರುಳಿತು. ಎರಡನೆಯದಕ್ಕೆ ಕಂಬವನ್ನು ಅಪ್ಪಿಕೊಂಡರು.

"ಈಗ?"

"ಇನ್ನೂ ಉಜ್ವಲ!"

ಮೂರನೆಯ ಹೆಜ್ಜೆ ಆನೆಯ ನೀರಿನ ತೊಟ್ಟಿಗೆ. ಈರಾಜಿ ಓಡಿ, ಕಟ್ಟು ಕಳಚಿದ ಮುಖವಾಡವನ್ನು ಹಿಡಿದುಕೊಂಡಳು. ರಾಯರನ್ನು ಹಿಡಿಯಲು ಯಾರೂ ಓಡಲಿಲ್ಲ.

ಅವಳು ಅದನ್ನು ನೆತ್ತಿಗೇರಿಸಿ ಹೊತ್ತು ನಡೆದಳು. ಕಂಬ ಬಳಸಿ ಹೋಗಿ, ಬಿದ್ದಿದ್ದ ನಗಾರಿಕೋಲು ಹೆಕ್ಕಿ ಬಾರಿಸುವವನ ಕೈಗಿತ್ತಳು.

"ಹೇಗೆ ತಾಯಿ?" ಎಂದ ರಾಜ.

"ಆ ಕಣ್ಣಿಗೆ ತೂತಿಲ್ಲ ಬುದ್ಧೀ. ಊರನ್ನು ನೋಡೋಕೆ ಅದು ದೇವರದ್ದು. ಹೊತ್ತವರು ನೋಡೋದು ಮೂಗಿನ ಹೊಳ್ಳೆಯಿಂದ. ದೊಡ್ಡ ಮುಖ ಹೊತ್ತಾಗ ತಾನೆಷ್ಟು ಕೆಳಗಿದ್ದೀನಿ ಅಂತ ನೆನಪಿರಬೇಕಲ್ಲ."

ಹಕ್ಕು ಈರಾಜಿಗೆ ಬಂತು, ಉಳಿ ಕೈಯಲ್ಲೇ ಉಳಿಯಿತು. ದಯಾಳು ರಾಜ ರಾಯರ ಹುದ್ದೆಯನ್ನೂ ಉಳಿಸಿದ. ವರ್ಷಕ್ಕೊಮ್ಮೆ ಮುಖವಾಡದ ಮುಂದೆ ನಡೆದು, ದಾರಿಯ ಕಲ್ಲು ಆರಿಸುವುದು ಅವರ ಕೆಲಸ.

ಮುಖ ಕದಿಯಬಹುದು ಮಕ್ಕಳೇ, ನೋಟ ಕದಿಯಲಾಗದು. ಮುಖವಾಡ ಗುಡಿ ಸೇರಿತು, ಕತೆ ನಿಮ್ಮ ಕಿವಿ ಸೇರಿತು.