ತಿರುವಿನಲ್ಲಿ ಏರುವ ಮುಳ್ಳು

ಹೊಳೆದಂಡೆಯ ಆಶ್ರಮದಲ್ಲಿ ಒಂದು ಪಿಕಪ್ ಗಾಡಿ ಇತ್ತು. ಅದನ್ನು ಓಡಿಸುವವನು ಅಡಿವೆಪ್ಪ, ಗುರುಗಳ ಶಿಷ್ಯ. ಕಾವಿ ಇನ್ನೂ ತೊಟ್ಟಿರಲಿಲ್ಲ.

ಗುರುಗಳನ್ನು ಎಲ್ಲರೂ ಅಜ್ಜಾರು ಅನ್ನುತ್ತಿದ್ದರು. ಆಶ್ರಮಕ್ಕೆ ಬರುವ ಮೊದಲು ಅವರು ಲಾರಿ ಓಡಿಸಿದವರಂತೆ ಎಂಬ ಗುಸುಗುಸು ಇತ್ತು. ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಅಡಿವೆಪ್ಪನ ಜಂಬ ಒಂದೇ: ಆ ಸೀಮೆಯಲ್ಲಿ ತಿರುವು ಬಂದಾಗ ಇಂಡಿಕೇಟರ್ ಹಾಕುವ ಗಂಡಸು ತಾನೊಬ್ಬನೇ. ಸುಳ್ಳೇನಲ್ಲ. ಉಳಿದವರು ಕೈ ಕೂಡ ಹೊರಗೆ ಚಾಚುತ್ತಿರಲಿಲ್ಲ.

ಸಂತೆಯಿಂದ ಆಶ್ರಮಕ್ಕೆ ಕಾಯಿಪಲ್ಲೆ ತರುವ ದಾರಿಯೆಲ್ಲ ನೇರ. ತಿರುವು ಒಂದೇ. ಅದೂ ಎಲ್ಲಿ? ರೊಟ್ಟಿ ಬಡಿದು ಮಾರುವ ನೀಲವ್ವನ ಮನೆಯ ಮುಂದೆ. ನೀಲವ್ವನ ಗಂಡ ತೀರಿಹೋಗಿ ವರ್ಷಗಳಾಗಿದ್ದವು. ಕೆನ್ನೆಯ ಗುಳಿ ಮಾತ್ರ ಇದ್ದಲ್ಲೇ ಇತ್ತು.

ಅಲ್ಲಿಗೆ ಬಂದಾಗಲೇ ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಚಂಗನೆ ಕೆಂಪಿಗೆ ಏರುತ್ತಿತ್ತು. ಅಡಿವೆಪ್ಪ ಗಾಡಿ ಆರಲೆಂದು ನಿಲ್ಲಿಸುತ್ತಿದ್ದ. ನೀಲವ್ವ ಕೊಡ ಹಿಡಿದು ಹೊರಗೆ ಬರುತ್ತಿದ್ದಳು.

"ನೀರಡಿಕಿ ಗಾಡಿಗೋ, ನಿಮಗೋ?"

"ಇಬ್ಬರಿಗೂ."

ಇಂಥದ್ದು ಆಶ್ರಮದ ಕಿವಿಗೆ ಬೀಳದೆ ಇರುತ್ತದೆಯೇ? ಉಗ್ರಾಣ ನೋಡಿಕೊಳ್ಳುವ ಚಂಬಣ್ಣ ಬೇಳೆ ಅಳೆಯುವುದನ್ನೇ ಮರೆತ. ಅಡುಗೆಮನೆಯಲ್ಲಿ ಸಾರು ಉಕ್ಕಿ ಒಲೆ ಆರಿದರೂ ಯಾರೂ ಏಳುತ್ತಿರಲಿಲ್ಲ. ಮಾತು ಅಷ್ಟು ರುಚಿಯಾಗಿತ್ತು.

ಅಡಿವೆಪ್ಪ ರೇಡಿಯೇಟರ್ ತೊಳೆಸಿದ. ಥರ್ಮೋಸ್ಟಾಟ್ ಹೊಸದು ಹಾಕಿಸಿದ. ಮುಳ್ಳು ಏರುವುದು ನಿಲ್ಲಲಿಲ್ಲ. ಚಂಬಣ್ಣನ ಬಾಯಿಯೂ ನಿಲ್ಲಲಿಲ್ಲ.

ಒಂದು ಬೆಳಿಗ್ಗೆ ಚಂಬಣ್ಣ ಅಡಿವೆಪ್ಪನನ್ನೂ ಕರೆದುಕೊಂಡು ಅಜ್ಜಾರ ಮುಂದೆ ಬಂದು ನಿಂತ.

"ಇವನ ಕೈಯಾಗಿನ ಕೀಲಿ ಇಸ್ಕೊಂಡು ಹೊರಗ ಹಾಕ್ರಿ ಅಜ್ಜಾರ. ಆ ಗಾಡಿ ಗಂಡ ಇಲ್ಲದಾಕಿ ಬಾಗಿಲಾಗಷ್ಟ ಬಿಸಿ ಆಗ್ತೈತಿ. ಬಿಸಿ ಆಗೋದು ಇಂಜಿನ್ನೋ, ಇವನೋ, ಆ ಶಿವನಿಗೇ ಗೊತ್ತು."

ಅಡಿವೆಪ್ಪನ ಕಿವಿ ಕೆಂಪಾದವು. ತನ್ನನ್ನು ಹೊರಗೆ ಹಾಕಿದರೆ ಹಾಕಲಿ. ಆ ಹೆಂಗಸಿನ ಹೆಸರು ಉಗ್ರಾಣದ ಹೊಟ್ಟಿನ ಜೊತೆ ಗಾಳಿಗೆ ಹಾರಬೇಕೇ? ಆದರೂ ತಲೆ ತಗ್ಗಿಸಲಿಲ್ಲ.

"ಅಲ್ಲೇ ಬಿಸಿ ಆಗ್ತೈತ್ರಿ ಅಜ್ಜಾರ. ಯಾಕಂತ ತಿಳೀವಲ್ದು. ಸುಳ್ಳು ಮಾತ್ರ ಹೇಳಿಲ್ಲ."

"ಅಲ್ಲಿ ನೀ ಏನ್ ಮಾಡ್ತಿ?" ಅಜ್ಜಾರು ಕೇಳಿದರು.

ಚಂಬಣ್ಣ ಮುಂದಕ್ಕೆ ಬಾಗಿದ. ಈ ಪ್ರಶ್ನೆಗೇ ಅವನು ಕಾದಿದ್ದ.

"ಇಂಡಿಕೇಟರ್ ಹಾಕ್ತೀನ್ರಿ."

ಅಜ್ಜಾರು ಎದ್ದು ಹೋಗಿ ಗಾಡಿಯ ಪಕ್ಕ ನಿಂತರು. ಗಾಡಿ ದನದ ಕೊಟ್ಟಿಗೆಗೆ ಮುಖ ಮಾಡಿ ನಿಂತಿತ್ತು.

"ಚಾಲೂ ಮಾಡು."

ಮಾಡಿದ. ಮುಳ್ಳು ಕೆಳಗೇ ಮಲಗಿತ್ತು.

"ಈಗ ಇಂಡಿಕೇಟರ್ ಹಾಕು."

ಟಿಕ್ ಟಿಕ್ ಅಂದ ಹಾಗೆಲ್ಲ ಮುಳ್ಳು ಎದ್ದು ಕೆಂಪಿಗೆ ಜಿಗಿಯಿತು.

"ಚಂಬಣ್ಣ, ರೇಡಿಯೇಟರ್ ಮ್ಯಾಲೆ ಕೈ ಇಡು."

ಚಂಬಣ್ಣ ಹೆದರಿ ಬೆರಳ ತುದಿ ಇಟ್ಟ. ಆಮೇಲೆ ಅಂಗೈಯನ್ನೇ ಇಟ್ಟ.

"ತಣ್ಣಗೈತ್ರಿ."

"ಹಂಗಾರ ಈ ಕೊಟ್ಟಿಗ್ಯಾಗ ಯಾವ ಹೆಣ್ಮಗಳು ಕುಂತಾಳಪ್ಪಾ?"

ಒಳಗಿನ ಮುದಿ ಎಮ್ಮೆ ತಲೆ ಎತ್ತಿ ಚಂಬಣ್ಣನನ್ನು ನೋಡಿತು.

ಅಜ್ಜಾರು ಗಾಡಿ ಬಂದ್ ಮಾಡಿಸಿ, ಬಗ್ಗಿ, ಇಂಜಿನ್ನಿನಿಂದ ಗಾಡಿಯ ಮೈಗೆ ಬಿಗಿದ ಅರ್ತಿಂಗ್ ವೈರನ್ನು ತೋರಿಸಿದರು. ತುದಿಯೆಲ್ಲ ತುಕ್ಕು, ನಟ್ಟು ಸಡಿಲ. ವೈರು ಸರಿಯಾಗಿ ತಾಗದೆ, ಇಂಡಿಕೇಟರ್ ದೀಪ ಮಿನುಗಿದಾಗಲೆಲ್ಲ ಮುಳ್ಳು ಸುಮ್ಮನೆ ಕುಣಿಯುತ್ತಿತ್ತು. ಇಂಜಿನ್ ಒಂದು ದಿನವೂ ಮಿತಿಮೀರಿ ಕಾದಿರಲಿಲ್ಲ.

ಅಡಿವೆಪ್ಪ ತುಕ್ಕು ಕೆರೆದ. ನಟ್ಟು ಬಿಗಿದ. ಮತ್ತೆ ಚಾಲೂ ಮಾಡಿ ಇಂಡಿಕೇಟರ್ ಹಾಕಿದ. ಮುಳ್ಳು ಮಿಸುಕಲಿಲ್ಲ.

ಅವನ ಎದೆ ಒಂದು ಗೇಣು ಉಬ್ಬಿತು. ಚಂಬಣ್ಣನ ಬೇಳೆ ಅವತ್ತು ಬೇಯಲಿಲ್ಲ.

"ತಮ್ಮಾ," ಅಂದರು ಅಜ್ಜಾರು, "ಇಂಡಿಕೇಟರಿನ ತಾಳಕ್ಕ ಮುಳ್ಳು ಕುಣಿಯೋದು ಒಂದು ಸಲಾನೂ ಕಾಣಲಿಲ್ಲೇನು? ಆವಾಗ ನಿನ್ನ ಕಣ್ಣು ಎಲ್ಲಿದ್ವು?"

ಚಂಬಣ್ಣ ಬೇಕೆಂದೇ ಕೆಮ್ಮಿದ.

ಅಂದೇ ಸಂತೆ. ಅಜ್ಜಾರೂ ಗಾಡಿ ಹತ್ತಿದರು. ಮರಳಿ ಬರುವಾಗ ಚಂಬಣ್ಣ ಹಿಂದೆ ಬದನೆಕಾಯಿ ಚೀಲಗಳ ನಡುವೆ ಕುಳಿತಿದ್ದ.

ತಿರುವು ಬಂತು. ಅಡಿವೆಪ್ಪ ಇಂಡಿಕೇಟರ್ ಹಾಕಿದ. ಮುಳ್ಳು ನಡುವಿನಲ್ಲಿ ನೆಟ್ಟಗೆ ನಿಂತಿತ್ತು. ಕಾಲು ಮಾತ್ರ ಬ್ರೇಕಿನ ಮೇಲೆ ಬಿತ್ತು.

ನೀಲವ್ವನ ಬಾಗಿಲು ಮುಚ್ಚಿತ್ತು. ಊರ ಮಾತು ಅವಳ ಕಿವಿಗೂ ಮುಟ್ಟಿತ್ತು. ಅಕ್ಕಪಕ್ಕದ ಕಟ್ಟೆಗಳ ಮೇಲೆ ಕತ್ತುಗಳು ಉದ್ದವಾದವು.

"ಬಿಸಿ ಆತೇನು?" ಕೇಳಿದರು ಅಜ್ಜಾರು.

ಹೌದು ಅಂದಿದ್ದರೆ ಮುಗಿಯುತ್ತಿತ್ತು. ಇಷ್ಟು ದಿನ ಅವನ ಮಾನ ಉಳಿಸಿದ್ದು ಆ ಒಂದೇ ಮಾತು.

ಅಡಿವೆಪ್ಪ ಮುಳ್ಳನ್ನು ನೋಡಿದ. ಮುಚ್ಚಿದ ಬಾಗಿಲನ್ನು ನೋಡಿದ. ಕತ್ತು ನೆಟ್ಟಗೆ ಮಾಡಿದ.

"ಇಲ್ರಿ ಅಜ್ಜಾರ. ಗಾಡಿ ಚಲೋ ಐತಿ. ನಾನ ನಿಲ್ಲಿಸೀನಿ. ಆಕಿ ಒಪ್ಪಿದ್ರ ಮದುವಿ ಆಗ್ತೀನಿ."

ಹಿಂದೆ ಬದನೆಕಾಯಿ ಚೀಲ ಉರುಳಿದ ಸದ್ದಾಯಿತು.

ಅಜ್ಜಾರು ಶಿಷ್ಯನ ಬೆನ್ನ ಮೇಲೆ ಕೈ ಇಟ್ಟರು.

"ಹಂಗಾರ ಹಾರ್ನ್ ಹೊಡಿ. ಓಣಿಗೆಲ್ಲಾ ಕೇಳಲಿ."