ಹಸಿರು ಮರದ ಒಳಗಿನ ಸದ್ದು

"ಗುರುಗಳೇ, ನಾನು ಮಾಡಿದ್ದು ಸರಿ ಎಂದು ನನಗೆ ಗೊತ್ತು. ಜನಕ್ಕೆ ಅದು ಗೊತ್ತಾಗುವುದು ಯಾವಾಗ?"

ಹೀಗೆ ಕೇಳಿದವನು ಮಠದ ಕೊಳವನ್ನು ನೋಡಿಕೊಳ್ಳುವ ಶಿಷ್ಯ. ಪರ್ವಸ್ನಾನದ ಹಿಂದಿನ ದಿನ ನೀರಿನ ವಾಸನೆ ಅವನಿಗೆ ಸರಿಕಾಣಲಿಲ್ಲ. ಮಿಂದವರು ಕಾಯಿಲೆ ಬೀಳಬಾರದೆಂದು ಕೊಳದ ಬಾಗಿಲಿಗೆ ಬೀಗ ಹಾಕಿಸಿದ. ದೂರದಿಂದ ಬಂದ ಭಕ್ತರು ಮೀಯದೆ ಹಿಂದಿರುಗಬೇಕಾಯಿತು. ಸುಮ್ಮನೆ ಹಿಂದಿರುಗಲಿಲ್ಲ. ಒಬ್ಬ ಮುದುಕಿ ಅವನ ಮುಖಕ್ಕೇ ಕೇಳಿದಳು, "ಕೊಳ ಏನು ನಿಮ್ಮಪ್ಪ ತೋಡಿಸಿದ್ದೇನೋ?" ಆ ಮಾತು ಅವನೊಳಗೆ ಮುರಿದ ಮುಳ್ಳಿನಂತೆ ಉಳಿದುಬಿಟ್ಟಿತ್ತು. ಮಠ ಬಿಟ್ಟು ಹೋಗಲು ಬಟ್ಟೆಯ ಗಂಟು ಕಟ್ಟಿಯೂ ಆಗಿತ್ತು.

ಗುರುಗಳು ಗಂಟನ್ನು ನೋಡಿದರು. ಕೂತುಕೋ ಎಂದರು. ಆಮೇಲೆ ಈ ಕತೆ ಹೇಳಿದರು.

ಉತ್ತರದ ಹಿಮದ ಬೆಟ್ಟಗಳಲ್ಲಿ ಒಂದು ಹಳ್ಳಿ ಇತ್ತು. ಹಳ್ಳಿಯ ನೆತ್ತಿಯ ಮೇಲೆ ಕಡಿದಾದ ಇಳಿಜಾರು. ಇಳಿಜಾರಿನ ತುಂಬ ದೇವದಾರು. ಚಳಿಗಾಲದಲ್ಲಿ ಮೇಲಿನಿಂದ ಜಾರಿ ಬರುವ ಹಿಮವನ್ನು ಆ ಮರಗಳು ತಡೆದು ನಿಲ್ಲಿಸುತ್ತಿದ್ದವು. ಕಾಡು ಇದ್ದುದರಿಂದ ಊರು ಇತ್ತು. ಇದು ಅಲ್ಲಿಯ ಹಿರಿಯರಿಗೆ ಗೊತ್ತಿತ್ತು. ಅದಕ್ಕೇ ಅವರು ಒಂದು ಕಟ್ಟು ಮಾಡಿದ್ದರು. ಒಣಗಿದ ಮರವನ್ನು ಯಾರು ಬೇಕಾದರೂ ಕಡಿಯಬಹುದು, ಹಸಿರು ಮರಕ್ಕೆ ಮೊಳೆಯನ್ನೂ ಹೊಡೆಯುವಂತಿಲ್ಲ. ಹೊಡೆದವನ ವಂಶ ಉಳಿಯುವುದಿಲ್ಲ. ಎಷ್ಟೋ ತಲೆಮಾರು ಆ ಕಟ್ಟು ಕಾಡನ್ನು ಕಾಯಿತು. ಕಾಡು ಊರನ್ನು ಕಾಯಿತು.

ಒಂದು ಬೇಸಿಗೆಯಲ್ಲಿ ಇಳಿಜಾರಿನ ನಡುವೆ ಒಂದು ಮರ ತುದಿಯಿಂದ ಬುಡದವರೆಗೆ ಕೆಂಪಾಯಿತು. ದೇವದಾರು ಬಣ್ಣ ಬದಲಿಸುವುದಿಲ್ಲ. ಹಿಮದಲ್ಲೂ ಹಸಿರು, ಬಿಸಿಲಲ್ಲೂ ಹಸಿರು. ಹಸಿರಿನ ನಡುವೆ ಒಂದೇ ಒಂದು ಕೆಂಪು ಮರ ಬೆಳಗಿನ ಬಿಸಿಲಿಗೆ ಉರಿಯುವಂತೆ ನಿಂತಿತ್ತು. ದೇವಿ ಕುಂಕುಮ ಇಟ್ಟುಕೊಂಡು ಬಂದಿದ್ದಾಳೆ ಎಂದರು ಊರವರು. ಕಾಯಿ ಒಡೆದರು, ಬುಡಕ್ಕೆ ಹಾಲೆರೆದರು. ಪೂಜಾರಿ ಅಲ್ಲೊಂದು ಗಂಟೆಯನ್ನೂ ಕಟ್ಟಿದ.

ಮರುವರ್ಷ ಆ ಮರದ ಸುತ್ತಲಿನ ಮರಗಳೆಲ್ಲ ಕೆಂಪಾದವು. ಆಗ ಯಾರೂ ಕಾಯಿ ಒಡೆಯಲಿಲ್ಲ. ಭಯಪಟ್ಟರು. ಕೆಂಪಾದದ್ದು ಒಣಗಿದ ಮರವೇ ತಾನೇ ಎಂದು ಎಲ್ಲವನ್ನೂ ಕಡಿದರು. ಕಡಿದು ನಿಶ್ಚಿಂತೆಯಾಗಿ ಮಲಗಿದರು. ಅದರ ಮುಂದಿನ ವರ್ಷ ಇಳಿಜಾರಿನ ಒಂದು ಮಗ್ಗುಲೇ ಕೆಂಪಾಯಿತು. ಆ ಚಳಿಗಾಲದಲ್ಲಿ ಅದೇ ಮಗ್ಗುಲಿನಿಂದ ಹಿಮ ಜಾರಿ ಬಂತು. ಊರಂಚಿನ ಒಂದು ಕೊಟ್ಟಿಗೆ ಹಸುಗಳ ಸಮೇತ ಹೂತುಹೋಯಿತು. ಕೊಟ್ಟಿಗೆಯ ಪಕ್ಕದ ಮನೆ ಊರ ಯಜಮಾನನದು.

ಯಜಮಾನನ ನಿದ್ದೆ ಹಾರಿಹೋಯಿತು. ಮರುವರ್ಷದ ಬೇಸಿಗೆ ಕಳೆದು ಗಂಡಸರೆಲ್ಲ ಕುರಿಗಳನ್ನು ಹೊಡೆದುಕೊಂಡು ಕೆಳಗಿನ ಬಯಲಿಗೆ ಇಳಿದಿದ್ದರು. ಚಳಿ ಮುಗಿಯುವವರೆಗೆ ಅವರು ಬರುವುದಿಲ್ಲ. ಊರಲ್ಲಿ ಉಳಿದವರು ಮುದುಕರು, ಹೆಂಗಸರು, ಮಕ್ಕಳು. ಯಜಮಾನ ಒಬ್ಬನೇ ಕಾಡಿಗೆ ಹೋದ. ಹತ್ತಿ ಹತ್ತಿ ದಣಿದು, ಎಲ್ಲಕ್ಕಿಂತ ದೊಡ್ಡ ದೇವದಾರಿಗೆ ಒರಗಿ ಕೂತ. ಹಬ್ಬದಲ್ಲಿ ಊರವರು ಪ್ರದಕ್ಷಿಣೆ ಹಾಕುವ ಮರ ಅದು. ದಟ್ಟ ಹಸಿರಾಗಿತ್ತು. ತಲೆಯನ್ನು ಅದಕ್ಕೆ ಆನಿಸಿದಾಗ ಕಿವಿಗೆ ಒಂದು ಸದ್ದು ಬಿತ್ತು. ದೂರದ ಒಲೆಯ ಮೇಲೆ ಅನ್ನ ಕುದಿಯುತ್ತಿರುವಂಥ ಸದ್ದು.

ಅವನು ಸುತ್ತ ನೋಡಿದ. ಒಲೆ ಇರಲಿಲ್ಲ. ಸದ್ದು ಮರದ ಒಳಗಿತ್ತು.

 ಆಮೇಲೆ ಕತ್ತಿ ತೆಗೆದು ಅಂಗೈಯಗಲದ ತೊಗಟೆ ಎಬ್ಬಿಸಿದ. ಕೆಳಗೆ ಒಂದು ಚಿತ್ರ ಇತ್ತು. ನಡುವೆ ನೇರವಾದ ಒಂದು ದಾರಿ. ಅದರ ಎರಡೂ ಕಡೆ ಕೂದಲೆಳೆಯಂಥ ದಾರಿಗಳು ಹೊರಟು, ಹೋಗುತ್ತಾ ಹೋಗುತ್ತಾ ಅಗಲವಾಗಿದ್ದವು. ಅಷ್ಟು ದಾರಿಗಳಲ್ಲಿ ಒಂದೂ ಇನ್ನೊಂದನ್ನು ದಾಟಿರಲಿಲ್ಲ. ಊರ ಗುಡಿಯ ಬಾಗಿಲನ್ನು ಕೆತ್ತಿದ ಕೈಗೂ ಅಂಥ ಅಳತೆ ಬಂದಿರಲಿಲ್ಲ. ಒಂದೊಂದು ದಾರಿಯ ಕೊನೆಯಲ್ಲೂ ಅಕ್ಕಿಕಾಳಿನಷ್ಟು ಬಿಳಿಯ ಮರಿಹುಳು ಮೆಲ್ಲುತ್ತಿತ್ತು. ಆಕಾಶ ಮುಟ್ಟುವ ಮರ, ಅದನ್ನು ಮೆಲ್ಲುವುದು ಅಕ್ಕಿಕಾಳು. ಯಜಮಾನ ತನಗೆ ತಿಳಿಯದೆಯೇ ಕೈ ಮುಗಿದ. ಯಾರಿಗೆ ಮುಗಿದೆ ಎಂದು ಅವನಿಗೇ ಗೊತ್ತಾಗಲಿಲ್ಲ.

ಅಲ್ಲಿಂದ ಎದ್ದು ಹಿಂದೆ ಕಡಿದು ಒಟ್ಟಿದ ಕೆಂಪು ಮರಗಳ ತೊಗಟೆ ಎಬ್ಬಿಸಿ ನೋಡಿದ. ಅಲ್ಲೂ ಅದೇ ಚಿತ್ರ. ಹುಳು ಮಾತ್ರ ಇಲ್ಲ. ತೊಗಟೆಯ ತುಂಬ ಅವು ಕೊರೆದು ಹಾರಿಹೋದ ತೂತುಗಳು.

ಅವನಿಗೆ ಆಗ ಅರ್ಥವಾಯಿತು. ಮರ ಕೆಂಪಾಗುವ ಹೊತ್ತಿಗೆ ಹುಳು ರೆಕ್ಕೆ ಮೂಡಿ ಅದನ್ನು ಬಿಟ್ಟು ಪಕ್ಕದ ಮರಕ್ಕೆ ಹಾರಿರುತ್ತದೆ. ಆ ಪಕ್ಕದ ಮರ ಇಡೀ ಚಳಿಗಾಲ ಹಸಿರಾಗಿಯೇ ಇರುತ್ತದೆ. ತಾನು ಸತ್ತಿದ್ದೇನೆಂದು ಅದಕ್ಕೇ ತಿಳಿದಿರುವುದಿಲ್ಲ. ಊರವರು ಇಷ್ಟು ವರ್ಷ ಕಡಿದದ್ದು ಖಾಲಿ ಮನೆಗಳನ್ನು. ಹಿರಿಯರ ಕಟ್ಟು ಕಾಯುತ್ತಿದ್ದದ್ದು ಹುಳುವನ್ನು.

ಪೂಜಾರಿಯನ್ನೂ ಉಳಿದ ಮುದುಕರನ್ನೂ ಕರೆತಂದು ದೊಡ್ಡ ಮರವನ್ನು ತೋರಿಸಿದ. ಪೂಜಾರಿ ಹುಳುವನ್ನು ನೋಡಿ ನಕ್ಕ.

"ಹುಳು ಇಲ್ಲದ ಮರ ಎಲ್ಲಿದೆ ಯಜಮಾನರೇ? ನಿಮ್ಮ ತಲೆಯಲ್ಲೂ ಹೇನು ಇದ್ದಾವು. ಅದಕ್ಕೆ ತಲೆ ತೆಗೆಯುತ್ತಾರೆಯೇ? ಮೇಲೆ ನೋಡಿ."

ಎಲ್ಲರೂ ಮೇಲೆ ನೋಡಿದರು. ಮರ ಹಸಿರಾಗಿತ್ತು. ಎಲ್ಲರೂ ಮನೆಗೆ ಹೋದರು.

ಯಜಮಾನ ಮನೆಗೆ ಬಂದು ಒಲೆಯ ಮುಂದೆ ಕೂತ. ಊಟ ಬೇಡವೆಂದ. ಸೊಸೆ ಮಗುವನ್ನು ಸೊಂಟದಲ್ಲಿ ಇಟ್ಟುಕೊಂಡು ರೊಟ್ಟಿ ಸುಡುತ್ತಿದ್ದಳು. ಅವಳ ನಾಲಿಗೆಗೆ ಊರೇ ಹೆದರುತ್ತಿತ್ತು. ಅವನು ನಡೆದದ್ದನ್ನೆಲ್ಲ ಅವಳಿಗೆ ಹೇಳಿದ. "ಹಿಮ ಕರಗಿ ಹುಳು ಹಾರುವುದರೊಳಗೆ ಸದ್ದಿರುವ ಮರಗಳನ್ನು ಕಡಿಯಬೇಕು ತಾಯಿ. ಆದರೆ ಎಲ್ಲ ಹಸಿರು ಮರ. ಕೊಡಲಿ ಇಟ್ಟರೆ ವಂಶ ಉಳಿಯುವುದಿಲ್ಲ" ಎಂದ.

ಅವಳು ರೊಟ್ಟಿಯನ್ನು ಮಗುಚಿದಳು.

"ನಿಮ್ಮ ವಂಶ ಇಲ್ಲಿ ನನ್ನ ಸೊಂಟದ ಮೇಲೆ ಕೂತು ಮೂಗು ಸುರಿಸುತ್ತಿದೆ ಮಾವ. ಕೊಟ್ಟಿಗೆ ಆಯಿತು, ಮುಂದಿನದು ಈ ಮನೆ. ಹಿಮ ಬಂದಾಗ ನಿಮ್ಮ ಹಿರಿಯರು ಬಂದು ಇದನ್ನು ಎತ್ತಿಕೊಳ್ಳುತ್ತಾರೆಯೇ?"

ಯಜಮಾನ ತಟ್ಟೆ ಎಳೆದುಕೊಂಡ. ರೊಟ್ಟಿ ತಿಂದ. ಬೆಳಿಗ್ಗೆ ಎದ್ದು ಎರಡು ಹಿಡಿಯ ಗರಗಸ ತೆಗೆದ. ಒಂದು ಹಿಡಿ ಅವನದು. ಇನ್ನೊಂದು ಹಿಡಿ ಹಿಡಿಯಲು ಯಾರೂ ಬರಲಿಲ್ಲ. ಸೊಸೆ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಬಂದಳು.

ಆ ಚಳಿಗಾಲವೆಲ್ಲ ಅವನು ಮರದಿಂದ ಮರಕ್ಕೆ ಕಿವಿ ಇಟ್ಟು ನಡೆದ. ಮುದುಕನಿಗೆ ಈ ವಯಸ್ಸಿನಲ್ಲಿ ಮರಗಳನ್ನು ತಬ್ಬುವ ಚಟ ಹತ್ತಿದೆ ಎಂದು ಹೆಂಗಸರು ನಕ್ಕರು. ಮೊದಲ ಹಸಿರು ಮರ ಉರುಳಿದಾಗ ಯಾರೂ ನಗಲಿಲ್ಲ. ಹಿಮ ತಡೆಯಲಿ ಎಂದು ಅವನು ಎದೆಯೆತ್ತರದ ಮೋಟು ಬಿಟ್ಟು ಕಡಿದ. ಮೋಟಿನ ತೊಗಟೆಯನ್ನೂ ಬಿಡದೆ ಸುಲಿದು, ಎಲ್ಲವನ್ನೂ ಹಿಮದ ಮೇಲೆಯೇ ಸುಟ್ಟ. ಬಿಳಿಯ ಇಳಿಜಾರಿನ ಮೇಲೆ ಉದ್ದಕ್ಕೂ ಬೆಂಕಿ. ದೇವದಾರಿನ ಹೊಗೆ ಇಳಿದು ಊರಿಗೆ ಊರೇ ಗರ್ಭಗುಡಿಯಂತೆ ಘಮಘಮಿಸಿತು. ಜನ ಅಂಗಳದಲ್ಲಿ ನಿಂತು ಆ ಪರಿಮಳದಲ್ಲೇ ಅವನಿಗೆ ಶಾಪ ಹಾಕಿದರು.

ದೊಡ್ಡ ಮರವನ್ನು ಕೊನೆಗೆ ಉಳಿಸಿಕೊಂಡಿದ್ದ. ಅದು ಬಿದ್ದಾಗ ಬೆಟ್ಟ ನಡುಗಿತು. ಅವನು ಹಿಮದಲ್ಲಿ ಕೂತು ಮಗುವಿನಂತೆ ಅತ್ತ. ಸೊಸೆ ಒಂದು ಮಾತೂ ಆಡಲಿಲ್ಲ. ಅವಳು ಮಾತಾಡದೆ ಇದ್ದದ್ದು ಅದೊಂದೇ ಸಲ ಎನ್ನುತ್ತಾರೆ.

ಗಂಡಸರು ಕುರಿಗಳೊಂದಿಗೆ ಹಿಂದಿರುಗಿದರು. ಮೋಟುಗಳನ್ನು ಕಂಡರು. ಪಂಚಾಯ್ತಿ ಸೇರಿತು. ಯಜಮಾನಿಕೆಯ ಪೇಟವನ್ನು ಇಳಿಸಿದರು. ಅವನ ಮನೆಗೆ ಯಾರೂ ಬೆಂಕಿ ಕೊಡಬಾರದು, ನೀರು ಕೊಡಬಾರದು ಎಂದರು. ಅವನ ಮಗನೂ ತಲೆ ತಗ್ಗಿಸಿ ನಿಂತಿದ್ದ.

ಆ ಬೇಸಿಗೆಯಲ್ಲಿ ಕಾಡಿನಲ್ಲಿ ಒಂದು ಮರವೂ ಕೆಂಪಾಗಲಿಲ್ಲ. ಅದರ ಮುಂದಿನ ಬೇಸಿಗೆಯಲ್ಲೂ ಆಗಲಿಲ್ಲ. ಪೂಜಾರಿ ಗುಡಿಯ ಮುಂದೆ ನಿಂತು ಹೇಳಿದ, "ನೋಡಿದಿರಾ? ದೇವಿ ತಾನಾಗಿಯೇ ಶಾಂತಳಾದಳು. ಈ ಪಾಪಿ ಸುಮ್ಮಸುಮ್ಮನೆ ಹಸಿರು ಮರಗಳನ್ನು ಕೊಂದ." ಎಲ್ಲರೂ ಮೇಲೆ ನೋಡಿದರು. ಕಾಡು ಹಸಿರಾಗಿತ್ತು. ಪೂಜಾರಿಯ ಮಾತು ನಿಜವೆಂದೇ ಎಲ್ಲರಿಗೂ ಕಂಡಿತು.

ಮುದುಕ ಆ ಹೆಸರಿನಲ್ಲೇ ಸತ್ತ. ಸೊಸೆಯ ಮಗು ಬೆಳೆಯಿತು. ಅದಕ್ಕೂ ಮಕ್ಕಳಾದವು. ಹಿಮ ಪ್ರತಿ ವರ್ಷ ಬಿತ್ತು, ಪ್ರತಿ ವರ್ಷ ಮೇಲೆಯೇ ನಿಂತಿತು. ಇಂದಿಗೂ ಆ ದಾರಿಯಲ್ಲಿ ಹೋಗುವವರು ದೊಡ್ಡ ಮರದ ಮೋಟಿಗೆ ಒಂದು ಕಲ್ಲು ಎಸೆದು, ಹಸಿರು ಮರ ಕೊಂದವನಿಗೆ ಎನ್ನುತ್ತಾರೆ. ಎಸೆದು, ಪಕ್ಕದ ಮರದ ನೆರಳಿನಲ್ಲಿ ಕೂತು ದಣಿವಾರಿಸಿಕೊಳ್ಳುತ್ತಾರೆ.

ಗುರುಗಳು ಕತೆ ನಿಲ್ಲಿಸಿದರು.

"ಆ ಸೊಸೆಯಾದರೂ ಹೇಳಲಿಲ್ಲವೇ?" ಎಂದ ಶಿಷ್ಯ.

"ಸಾಯುವವರೆಗೂ ಹೇಳಿದಳು. ಅವಳ ಬಾಯಿಯೇ ಹಾಗೆ ಎಂದರು."

"ಅಷ್ಟು ದೊಡ್ಡ ಕೆಲಸ! ಕೊನೆಗೂ ಅವರಿಗೆ ತಿಳಿಯಲೇ ಇಲ್ಲವೇ ಗುರುಗಳೇ?"

ಗುರುಗಳು ಬಟ್ಟೆಯ ಗಂಟನ್ನು ಅವನ ಕಡೆಗೆ ಸರಿಸಿದರು.

"ಅವರಿಗೆ ತಿಳಿಯಬೇಕಿದ್ದರೆ ಕಾಡು ಸಾಯಬೇಕಿತ್ತು ಮಗು, ನಿನಗೆ ಎರಡರಲ್ಲಿ ಯಾವುದು ಬೇಕು?"