ಸಂಚಕಾರದ ಹುಟ್ಟುಹೆಸರು

ಪೂಜ್ಯ ನಿಜಾನಂದ ಯತಿಗಳು ಆ ವರ್ಷ ಕೆಂಗಲ್ಲಾಪುರದ ದನದ ಸಂತೆಯ ಪಕ್ಕ, ಸೋಗೆ ಹೊದಿಸಿದ ಮುರುಕು ಕೊಟ್ಟಿಗೆಯಲ್ಲಿ ತಂಗಿದ್ದರು. ದಣಿದು ಬಂದ ದನಗಳಿಗೆ ನೀರು ಸೇದಿ ಹಾಕುವುದೇ ಅವರ ಅನುಷ್ಠಾನವಾಗಿತ್ತು. "ಕಾವಿ ಉಟ್ಟವರಿಗೆ ಸಂತ್ಯಾಗೇನು ಕೆಲಸ?" ಎಂದು ಎತ್ತಿನ ವ್ಯಾಪಾರಿ ವಿರೂಪಣ್ಣ ನಗುತ್ತಿದ್ದ.

ಅಂದು ಬೆಳಿಗ್ಗೆ ಗಾಣದ ಹೊನ್ನವ್ವ ಅವನ ಬಿಳಿ ಎತ್ತನ್ನು ಕುದುರಿಸಿ, ಮುಂಗಡವಾಗಿ ಒಂದು ಬೆಳ್ಳಿ ರೂಪಾಯಿ ಸಂಚಕಾರ ಕೊಟ್ಟು, ಉಳಿದ ಹಣ ತರಲು ಊರಿಗೆ ಓಡಿದ್ದಳು. ಅವಳು ತಿರುಗಿ ಬರುವಷ್ಟರಲ್ಲಿ ಹೊಳೆಯಾಚೆಯ ಧಣಿ ದೇಸಾಯರು ಅದೇ ಎತ್ತಿಗೆ ದುಪ್ಪಟ್ಟು ಬೆಲೆ ಕೊಟ್ಟಾಗಿತ್ತು. ಅವರ ಆಳು ಎತ್ತನ್ನು ಹೊಡೆದುಕೊಂಡು ಹೊಳೆಯ ದಾರಿ ಹಿಡಿದಿದ್ದ.

"ಅಣ್ಣಾ, ಗಾಣದೆತ್ತು ಸತ್ತು ಎಂಟು ದಿನ ಆತು. ನನ್ನ ಮಕ್ಕಳ ಹೊಟ್ಟಿ ಮ್ಯಾಲೆ ಹೊಡೀಬ್ಯಾಡೋ!" ಎಂದು ಹೊನ್ನವ್ವ ಕೈ ಮುಗಿದಳು.

ವಿರೂಪಣ್ಣ ರೂಪಾಯಿಯನ್ನು ಅವಳ ಉಡಿಗೆ ಎಸೆದ. "ತಗೋ ನಿನ್ನ ಸಂಚಕಾರ. ಇದನ್ನ ಇಟ್ಕೊಂಡಿದ್ರ ನನ್ನ ಲಾಭಕ್ಕ ಸಂಚಕಾರ ಬರ್ತಿತ್ತು!"

ಸುತ್ತಲಿದ್ದವರು ಗೊಳ್ಳೆಂದು ನಕ್ಕರು. ಯತಿಗಳು ಕೊಡ ಕೆಳಗಿಟ್ಟು ಹತ್ತಿರ ಬಂದರು.

"ಮುಂಗಡಕ್ಕೂ ಅದೇ ಮಾತು, ಕೇಡಿಗೂ ಅದೇ ಮಾತು. ಯಾಕಪ್ಪಾ?"

ವಿರೂಪಣ್ಣ ಅದನ್ನು ಎಂದೂ ಯೋಚಿಸಿರಲಿಲ್ಲ. ಮೂವತ್ತು ವರ್ಷ, ದಿನಕ್ಕೆ ಹತ್ತು ಸಲ ಆಡಿದ ಮಾತು!

"ಅದರ ಹುಟ್ಟುಹೆಸರು ಸತ್ಯಂಕಾರ. ಆಡಿದ್ದನ್ನು ಸತ್ಯ ಮಾಡುವುದು. ಜನರ ಬಾಯಲ್ಲಿ ಸವೆದು ಸಂಚಕಾರವಾಯಿತು. ಈ ತಾಯಿ ನಿನ್ನ ಕೈಯಲ್ಲಿ ಸತ್ಯವನ್ನು ಇಟ್ಟು ಹೋಗಿದ್ದಳು ಮಗೂ. ಅದನ್ನು ಎಸೆದವನಿಗೆ ಕೇಡು ಬೇರೆಲ್ಲಿಂದಲೋ ಬರಬೇಕಾಗಿಲ್ಲ."

ವಿರೂಪಣ್ಣನ ಅಂಗೈ ಕೆಂಡ ಹಿಡಿದಂತೆ ಉರಿಯಿತು. ಮರುಕ್ಷಣವೇ ಓಟ ಕಿತ್ತ! ಮುಂಡಾಸು ಬಿತ್ತು, ನೋಡಲಿಲ್ಲ. ಸಂತೆಗೆ ಸಂತೆಯೇ ಅವನ ಬೆನ್ನು ಹತ್ತಿತು. ಎತ್ತು ಆಗಲೇ ನಡುಹೊಳೆಯಲ್ಲಿತ್ತು. ಎದೆಮಟ್ಟದ ನೀರಿಗೆ ಧುಮುಕಿ ಹಗ್ಗ ಹಿಡಿದೇಬಿಟ್ಟ.

ದಡದಲ್ಲಿ ಕುದುರೆಯ ಮೇಲಿದ್ದ ದೇಸಾಯರು ಗದರಿದರು: "ಏನೋ ಇದು? ಇನ್ನೂ ಹೆಚ್ಚು ಬೇಕೇನು?"

"ಇಲ್ರೀ ಧಣ್ಯಾರ, ನಿಮ್ಮ ರೊಕ್ಕ ನೀವು ತಗೋರಿ. ಈ ಎತ್ತು ಮುಂಜಾನೆನ ಮಾರಿ ಹೋಗೇತ್ರೀ!"

ದೇಸಾಯರು ಅವನ ಮುಖವನ್ನೇ ದಿಟ್ಟಿಸಿ ನೋಡಿದರು. ಬಳಿಕ ಹಣದ ಚೀಲ ಇಸಿದುಕೊಂಡು ಕುದುರೆ ತಿರುಗಿಸಿದರು.

ಒದ್ದೆ ಬಟ್ಟೆಯಲ್ಲೇ ವಿರೂಪಣ್ಣ ಹೊನ್ನವ್ವನಿಂದ ಮೊದಲು ಒಪ್ಪಿದ ಬೆಲೆಯನ್ನಷ್ಟೇ ಪಡೆದು, ಎತ್ತನ್ನು ಅವಳ ಮನೆಗೆ ನಡೆಸಿ, ಗಾಣಕ್ಕೆ ತಾನೇ ಹೂಡಿಕೊಟ್ಟ. ಗಾಣ ಕಿರುಗುಟ್ಟಿ ತಿರುಗಿದಾಗ ಅವಳ ಮಕ್ಕಳು ಕೇಕೆ ಹಾಕಿದರು. ಅವನಿಗೆ ಕಣ್ಣು ತುಂಬಿ ಬಂತು.

ಮುಂದಿನ ಸಂತೆಯಲ್ಲಿ ಗಿರಾಕಿಯೊಬ್ಬ ಸಂಚಕಾರ ಕೊಡಲೆಂದು ಸೊಂಟದ ಚೀಲ ಬಿಚ್ಚತೊಡಗಿದ. ವಿರೂಪಣ್ಣ ಅವನ ಕೈ ಹಿಡಿದು ತಡೆದ.

"ನೀವು ರೊಕ್ಕ ತಗೊಂಡು ಬರ್ತೀನಿ ಅಂದ್ರಿ, ನಾ ಎತ್ತು ಕೊಡ್ತೀನಿ ಅಂದೆ. ಮುಗೀತ್ರೀ."